ಅಖೇರಿ ಶಿಲ್ಕು

— ಮಾಮಾ, ಚಾ ಆರಿ ಹೋಗತೈತಿ, ಕುಡಕೋಂತನ ಇದನ್ನ ನೋಡ್ರಿ. ನಮ್ಮ ಆರನೇ ಇಯತ್ತೆ ಹುಡುಗ್ರು ಮಾಡಿದ್ದು. ಮುಂದಿನ ತಿಂಗಳ ಅವರನ್ನ ಝೂ ನೋಡಾಕ ಕರಕೊಂಡು ಹೋಗೋದೈತಿ. ಪೇಪರದಾಗ ಬಂದ ಪ್ರಾಣಿ ಸುದ್ದಿ ಕತ್ತರಿಸಿ ವಹಿಗೆ ಅಂಟಿಸಿ ತರ್ರಿ ಅಂದಿದ್ದೆ.

— ಚಷ್ಮಾ ಎಲ್ಲಿಟ್ಟೆ... ಹಾಂ. ಏನವ್ವಾ ಇದು, ಬರೇ ಬಾಣಂತನ! ಆನಿ ಹಡೀತು, ಝೀಬ್ರಾ ಹಡೀತು, ಹುಲಿ ಮೂರು ಮರಿ ಹಾಕಿತು. ತೊಟ್ಟಿಲ ಕಾರ್ಯದ ಕಾರ್ಡು ಕೂಡಿಸಿ ಇಟ್ಟಂಗ ಐತಿ. ಸತ್ತದ್ದು ಒಂದೂ ಇಲ್ಲಲ್ಲ?

— ಹತ್ತು-ಹನ್ನೊಂದು ವರ್ಷದ ಹುಡುಗ್ರು ಸತ್ತ ಸುದ್ದಿ ಯಾಕ ಅಂಟಸ್ತಾರ್ರಿ? ಮರಿ ಫೋಟೋ ಕಂಡ್ರ ಕತ್ತರಿ ಹಿಡೀತಾರ.

— ಹುಡುಗ್ರಷ್ಟ ಅಲ್ಲ, ಪೇಪರ್‌ನವರೂ ಹಂಗ. ಎಲ್ಲಿಗೆ ಹೊಂಟೀರಿ?

— ಭೂತರಾಮನಹಟ್ಟಿ. ಬೆಳಗಾವಿ ದಾಟಿ ಕೊಲ್ಲಾಪುರ ಹಾದ್ಯಾಗ ಐತೆಲ್ಲ, ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯ. ಇಲ್ಲಾಂದ್ರ ಗದಗಿನ ಬಿಂಕದಕಟ್ಟಿ. ಇನ್ನೂ ನಿಕ್ಕಿ ಆಗಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದಾಗ ಹುಲಿ, ಸಿಂಹ ತೋರಸೋ ಝೂ ಎಲ್ಲೈತಿ? ಎಷ್ಟು ಸಲ ಅಂತ ಗ್ಲಾಸ್ ಹೌಸಿಗೆ ಕರಕೊಂಡು ಹೋಗೋದು!

— ಭೂತರಾಮನಹಟ್ಟಿಗೆ ಹೋಗೋದಾದ್ರ ಈ ವಹ್ಯಾಗ 2025ರ ನವೆಂಬರ್ ತಿಂಗಳಿನ ಸುದ್ದಿ ಇರಬೇಕಿತ್ತು. 38 ಕೃಷ್ಣಮೃಗ ಇದ್ದುವು ಅಲ್ಲಿ. 13ನೇ ತಾರೀಖು 8 ಸತ್ತುವು. 15ಕ್ಕ 20. ಆಮ್ಯಾಲ ಒಂದೊಂದ ಹೋಗಿ, ವಾರ ಮುಗಿಯೂದ್ರಾಗ 31.

— ಓದಿದ ನೆನಪೈತಿ. ಮೊದಲ ಮಂದಿ ವಿಷ ಹಾಕ್ಯಾರ ಅಂದ್ರು, ನೀರಿನಾಗ ಏನೋ ಬಿದ್ದೈತಿ ಅಂದ್ರು...

— ಮಂದಿ ಅನ್ನೋದು ಬಿಡು. ಒಂದ ಸಲಕ್ಕ ಅಷ್ಟು ಬಿದ್ರ ಯಾರಿಗಾದ್ರೂ ವಿಷಾನ ನೆನಪಾಗತೈತಿ. ಮೈಸೂರಿನಾಗ 2004ರಾಗ ಆನಿಗಳು ಸತ್ತಾಗ ಅದ ಸಂಶಯ ಇತ್ತು, ಆ ಅಂಜಿಕಿ ಇನ್ನೂ ಹೋಗಿಲ್ಲ. ಆದ್ರ ಬೆಳಗಾವ್ಯಾಗ ಪರೀಕ್ಷಾ ಮಾಡಿಸಿದಾಗ ಸಿಕ್ಕಿದ್ದು ಗಳಲೆ ರೋಗ. ನಮ್ಮ ಕಡೆ ಗಂಟಲಬ್ಯಾನಿ ಅಂತೀವಲ್ಲ, ಅದ. ಪೇಪರದಾಗ ಹೆಮರೇಜಿಕ್ ಸೆಪ್ಟಿಸೀಮಿಯಾ ಅಂತ ಬರದಿದ್ರು, ಓದಿದವರು ಯಾವದೋ ಪರದೇಶದ ರೋಗ ಬಂತು ಅಂದ್ಕೊಂಡ್ರು. ನಾ ಮೂವತ್ತು ವರ್ಷ ಅದರ ಕೂಡನ ಗುದ್ದಾಡಿದವ.

— ದನಕ್ಕ ಬರೋ ರೋಗ ಅದು.

— ದನಕ್ಕ ಬರತೈತಿ, ಎಮ್ಮಿಗೆ ಇನ್ನೂ ಜೋರ ಬರತೈತಿ. ಕಲಘಟಗಿ ಕಡೆ ಇದ್ದಾಗ ಮೊದಲ ಮಳಿ ಬಿದ್ದು ವಾರ ಆಗಿರತಿತ್ತು, ನಸಿಕಿನ್ಯಾಗ ಯಾರರೆ ಬಂದು ಬಾಗಿಲ ಬಡದ್ರ ಇದ ಅಂತ ತಿಳಕೊಂಡ ಚೀಲಾ ತಗೊಂಡು ಹೊಂಡತಿದ್ದೆ. ಹೋದ್ರ ಎಮ್ಮಿ ಕುತ್ತಿಗಿ ಮುಂದ ಚಾಚಿ ನಿಂತಿರತಿತ್ತು. ಗದ್ದದ ಕೆಳಗ ಬಾವು. ಮುಟ್ಟಿದ್ರ ಸುಡತಿತ್ತು, ಗಟ್ಟಿ. ಬಾಯಾಗ ಜೊಲ್ಲು, ನಾಲಿಗಿ ಅರ್ಧ ಹೊರಗ. ಉಸಿರು ಎಳದ್ರ ಗರ್‌ಗರ್ ಅನ್ನೋದು ಹಿತ್ತಲ ದಾಟಿ ಕೇಳಸತಿತ್ತು. ಸಲ್ಫಾ ಸೂಜಿ ನೇರ ರಕ್ತನಾಳಕ್ಕ ಹಾಕೋದು. ಹಿಂದಿನ ದಿನ ಸಂಜಿಗೆ ಮೇವು ಬಿಟ್ಟಾಗನ ಕರದಿದ್ರ ಉಳೀತಿತ್ತು. ಬಾವು ಗಟ್ಟಿಯಾಗಿ ಉಸಿರು ಕಟ್ಟಿದ ಮ್ಯಾಲ ಕರದ್ರ ನಾ ಹೋಗಿ ಮಾಡೋದೇನು? ಬಾಜೂಕ ಕಟ್ಟಿದ್ದುವಕ್ಕ ಸೂಜಿ ಮಾಡೋದು, ಸತ್ತದ್ದನ್ನ ಆಳವಾಗಿ ಹೂಳ್ರಿ, ಸುಣ್ಣ ಹಾಕ್ರಿ ಅನ್ನೋದು.

— ಲಸಿಕಿ ಇಲ್ಲೇನ್ರಿ?

— ಐತಿ. ವರ್ಷಾ ವರ್ಷಾ ಮಳಿಗಾಲದ ಮುಂಚೆ ಹಾಕಬೇಕು. ದನಾನ ಗೂಟಕ್ಕ ಕಟ್ಟಿ ಹಾಕತೀವಿ. ಕೃಷ್ಣಮೃಗನ ಯಾವ ಗೂಟಕ್ಕ ಕಟ್ಟಲಿ? ಅಲ್ಲೇ ತೊಂದರಿ ಇರೋದು. ಅಟ್ಟಿಸಿಕೊಂಡು ಹೋಗಿ ಹಿಡದ್ರ ಅಂಜಿಕಿಗೆ ಮೈಯಾಗಿನ ಸ್ನಾಯು ಒಡದು, ಎದಿ ನಿಂತು ಸಾಯತೈತಿ. ಅವತ್ತ ಸಾಯಬಹುದು, ನಾಕ ದಿನ ಬಿಟ್ಟು ಸಾಯಬಹುದು. ರೋಗದಿಂದ ಉಳಸಾಕ ಹೋಗಿ ನಾವ ಕೊಂದಂಗ. ದೂರದಿಂದ ಸೂಜಿ ಹೊಡೆಯೋ ಬಂದೂಕು ಐತಿ ಖರೆ, ಅದನ್ನ 38ಕ್ಕ ಹೊಡೆಯೋದು ಹುಡುಗಾಟ ಅಲ್ಲ.

— ಹಂಗಾದ್ರ ಅವು ಒಂದ ವಾರದಾಗ ಹಂಗ ಸಾಲಹಿಡದು ಯಾಕ ಸತ್ತುವ್ರಿ? ಕಾಡಿನಾಗ ಇದ್ದಿದ್ರ?

— ಈ ರೋಗದ ಸೂಕ್ಷ್ಮಾಣು ಚೊಲೊ ಇದ್ದ ಪ್ರಾಣಿ ಗಂಟಲಾಗೂ ಸುಮ್ಮನ ಕುಂತಿರತೈತಿ. ಥಂಡಿ, ಹಸಿ ನೆಲ, ಜಾಗಾ ಬದಲಾಗೋದು, ಗದ್ದಲ — ಏನರೆ ಒಂದು ಮೈ ಕುಗ್ಗಿಸಿದ್ರ ಅದು ತಲಿ ಎತ್ತತೈತಿ. ಆಮ್ಯಾಲ ಒಂದ ನೀರಿನ ತೊಟ್ಟಿ, ಒಂದ ಗ್ವಾದಲಿ. ಹೊರಗ ರಾಣೆಬೆನ್ನೂರಾಗ ನೋಡು, 1974ರಾಗ ಮಾಡಿದ ಕೃಷ್ಣಮೃಗ ಧಾಮ, 119 ಚದರ ಕಿಲೋಮೀಟರ್. ಅಲ್ಲಿ ಒಂದು ಗುಂಪಿಗೆ ರೋಗ ಬಂದ್ರ ಇನ್ನೊಂದು ಗುಂಪು ಮೂರು ಹರದಾರಿ ಆಚೆ ಮೇಯತಿರತೈತಿ. ಬೇಲಿ ಒಳಗ ಆಚೆ ಅನ್ನೋದ ಇಲ್ಲ. ಒಂದು ಕೆಮ್ಮಿದ್ರ ಎಲ್ಲಾವಕ್ಕ ತಗಲತೈತಿ.

— ಇಷ್ಟೆಲ್ಲಾ ಹೇಳಿ ನನ್ನ ಹುಡುಗ್ರಿಗೆ ಝೂ ಬ್ಯಾಡ ಅಂತೀರೇನು?

— ನಾ ಎಲ್ಲಿ ಬ್ಯಾಡ ಅಂದೆ? ವಹಿ ಅರ್ಧ ಐತಿ ಅಂದೆ. ಪ್ರತಿ ಝೂದವರೂ ವರ್ಷಕ್ಕೊಮ್ಮೆ ಕೇಂದ್ರ ಮೃಗಾಲಯ ಪ್ರಾಧಿಕಾರಕ್ಕ ಒಂದು ಲೆಕ್ಕ ಕೊಡಬೇಕು. 1992ರಾಗ ಆ ಪ್ರಾಧಿಕಾರ ಬಂದ ಮ್ಯಾಲ ಬಂದ ಪದ್ಧತಿ. ಅದರಾಗ ಒಂದೊಂದು ಜಾತಿ ಪ್ರಾಣಿಗೂ ಆರು ಖಾನೆ ಇರತಾವ. ಆರಂಭದ ಶಿಲ್ಕು. ಹುಟ್ಟಿದ್ದು. ಹೊರಗಿಂದ ತಂದದ್ದು. ಹೊರಗ ಕೊಟ್ಟದ್ದು. ಸತ್ತದ್ದು. ಅಖೇರಿ ಶಿಲ್ಕು. ಗಂಡೆಷ್ಟು, ಹೆಣ್ಣೆಷ್ಟು ಅಂತನೂ ಬರೀಬೇಕು. ನಿಮ್ಮ ಸೊಸೈಟಿ ಕಿರ್ದಿ ಪುಸ್ತಕ ಹೆಂಗೋ ಹಂಗ. ಪೇಪರದಾಗ ಬರೋದು ಎರಡನೇ ಖಾನೆ ಒಂದ. ನಿನ್ನ ಹುಡುಗ್ರು ಕತ್ತರಿಸಿದ್ದೂ ಅದ.

— ಸರಿ, ಒಂದೊಂದ ತಗೊಂಡು ಹೇಳ್ರಿ ಹಂಗಾದ್ರ. ಮೊದಲನೇ ಪಾನಿನ ನಮ್ಮೂರಿಗೆ ಸಂಬಂಧ ಇದ್ದದ್ದು. 2020ರ ಆಗಸ್ಟಿನ್ಯಾಗ ಬನ್ನೇರುಘಟ್ಟದ ಸುವರ್ಣಾ ಅನ್ನೋ ಆನಿ ಹೆಣ್ಣು ಮರಿ ಹಾಕಿತು. ಅದಕ್ಕ ಸುಧಾ ಅಂತ ಹೆಸರಿಟ್ರು, ಸುಧಾ ಮೂರ್ತಿಯವರ ಹೆಸರು. ಶಿಗ್ಗಾವ್ಯಾಗ ಹುಟ್ಟಿ, ನಮ್ಮ ಹುಬ್ಬಳ್ಳಿ ಬಿವಿಬಿ ಕಾಲೇಜಿನ್ಯಾಗ ಎಂಜಿನಿಯರಿಂಗ್ ಕಲತವರು. ಹುಡುಗ್ರಿಗೆ ಭಾರಿ ಹೆಮ್ಮಿ. ಒಬ್ಬ ಹುಡುಗಿ ಅಂತೂ ನಮ್ಮೂರ ಆನಿ ಅಂತ ಬರದಾಳ.

— ಬರೀಲಿ, ತಪ್ಪೇನಿಲ್ಲ. ಆ ಮರಿ ಅಪ್ಪ ಯಾರು ಅಂತ ಕೇಳಿದೇನು ಆಕಿನ್ನ?

— ಬನ್ನೇರುಘಟ್ಟದಾಗಿಂದ ಯಾವದೋ ಗಂಡಾನಿ.

— ಅಲ್ಲ. ಅಲ್ಲಿ ಸಾಕಿದ ಆನಿಗಳನ್ನ ರಾತ್ರಿ ಪಕ್ಕದ ಕಾಡಿಗೆ ಮೇಯಾಕ ಬಿಡ್ತಾರ. ಕಾಲಿಗೆ ಉದ್ದನ ಸರಪಳಿ ಇರತೈತಿ, ಎಳಕೋಂತ ಮೇಯತಾವ. ಮುಂಜಾನೆ ಮಾವುತ, ಕಾವಾಡಿ ಸರಪಳಿ ಎಳದ ಗುರುತು ಹಿಡದು ಹುಡುಕಿಕೊಂಡು ಬರತಾರ. ಆ ಕಾಡಿನ್ಯಾಗ ಸಲಗ ಇರತಾವಲ್ಲ, ಮರಿಗಳ ಅಪ್ಪಂದ್ರು ಅವ. ಇಪ್ಪತ್ತು-ಇಪ್ಪತ್ತೆರಡು ತಿಂಗಳ ಬಸಿರು. ಝೂದಾಗ ಹುಟ್ಟಿತು ಅಂತ ಬರೀತಾರ, ಅರ್ಧ ಕಾಡಿಂದ ಅದು. ಅದಕ್ಕ ಬನ್ನೇರುಘಟ್ಟದಾಗ ಆನಿ ಬಾಣಂತನಕ್ಕ ಬರ ಇಲ್ಲ. ಬೇರೆ ಊರಿನ ಝೂದಾಗ ಆನಿ ಹಡಿಯೋದು ಅಪರೂಪ, ಇಲ್ಲಿ ವರ್ಷಕ್ಕೊಂದು ಸುದ್ದಿ ಬರತೈತಿ.

— ಚೊಲೊನ ಆತಲ್ರಿ!

— ಚೊಲೊ. ಆದ್ರ ಆನಿ ಅರವತ್ತು ವರ್ಷ ಬದುಕೋ ಪ್ರಾಣಿ. ಬಂದದ್ದಕ್ಕೆಲ್ಲಾ ಮೇವು, ಮಾವುತ, ಜಾಗಾ ಬೇಕು. ಹಂಗಾಗಿ ನಾಕನೇ ಖಾನೆ ತಗಿ. 2025ರ ಜುಲೈದಾಗ ಸುರೇಶ, ಗೌರಿ, ಶ್ರುತಿ, ತುಳಸಿ ಅಂತ ನಾಕ ಆನಿ ವಿಮಾನ ಹತ್ತಿ ಜಪಾನಿಗೆ ಹೋದುವು, ಹಿಮೇಜಿ ಅನ್ನೋ ಊರಿನ ಝೂಗೆ. ಎಲ್ಲಾ ಹತ್ತು ವರ್ಷದ ಒಳಗಿನವು. ಅವಕ್ಕ ಬದಲಿ ಚೀತಾ, ಜಾಗ್ವಾರ್, ಪೂಮಾ, ಚಿಂಪಾಂಜಿ ಕೊಡೋದು ಅಂತ ಮಾತಾತು. ಅದಕ್ಕೂ ಮೊದಲ 2021ರಾಗ ಮೈಸೂರಿನಿಂದ ಮೂರು ಆನಿ ಜಪಾನಿನ ತೊಯೊಹಾಶಿಗೆ ಹೋಗಿದ್ದುವು.

— ಬೆಂಗಳೂರಿನ ಕಾಡಿನ್ಯಾಗ ಅಡ್ಡಾಡಿದ ಮರಿಗಳು ಜಪಾನಿನ ಚಳಿಯಾಗ. ತಾಯಿ ಬಿಟ್ಟು.

— ನಿನಗ ಸಂಕಟ ಆತಲ್ಲ, ಆಗಬೇಕು. ನನಗೂ ಆಗತೈತಿ. ಆನಿ ಹೆಣ್ಣು ಮರಿ ಜೀವಮಾನ ಪೂರ್ತಿ ತಾಯಿ, ಅಜ್ಜಿ ಕೂಡ ಇರೋ ಪ್ರಾಣಿ. ಆದ್ರ ಝೂದವರ ಕಡೆಯಿಂದನೂ ನೋಡು. ಒಂದು ಜಿರಾಫ್ ಬೇಕಂದ್ರ ಅಂಗಡ್ಯಾಗ ಸಿಗಂಗಿಲ್ಲ. ಒಂದು ಝೂ ಇನ್ನೊಂದು ಝೂದ ಕೂಡ ರೊಕ್ಕದ ವ್ಯಾಪಾರ ಮಾಡಂಗಿಲ್ಲ, ಪ್ರಾಣಿಗೆ ಪ್ರಾಣಿ ಕೊಡಬೇಕು. ಯಾರ ಹತ್ತರ ಮರಿ ಹೆಚ್ಚೈತಿ ಅವರ ಕೈ ಮ್ಯಾಲ. ಇವತ್ತಿನ ಬಾಣಂತನದ ಫೋಟೋ ನಾಳಿನ ಬದಲಾವಣಿ ಯಾದ್ಯಾಗ ಒಂದು ಸಾಲು. ಅದು ಪೇಪರ್‌ನವರಿಗೂ ಗೊತ್ತು, ಎರಡೂ ಸುದ್ದಿ ಒಂದ ಕಡೆ ಹಾಕಂಗಿಲ್ಲ ಅಷ್ಟ.

— ಹೊಸಾದು ಬರೋದೂ ಬೇಕಲ್ರಿ ಮಾಮಾ. ಒಂದ ರಕ್ತ ಆಗಬಾರದು ಅಂತ ನೀವ ಹೇಳತಿದ್ರಿ.

— ಬೇಕು, ಅದಕ್ಕ ಬೇಕು. ರಕ್ತ ಬದಲಾಗಲಿ ಅಂತ ಒಂದು ಗಂಡನ್ನ ಕಳಿಸಿ ಇನ್ನೊಂದು ತರೋದು ಶಾಣ್ಯಾತನ. ಮಂದಿ ಬರಲಿ ಅಂತ ಚೀತಾ ತರೋದು ಬ್ಯಾರೆ ಮಾತು. ಎರಡನ್ನೂ ವಿನಿಮಯ ಅಂತನ ಕರೀತಾರ. ಮೈಸೂರಿಗೆ 2021ರಾಗ ಜರ್ಮನಿಯಿಂದ ಎರಡು ಗೊರಿಲ್ಲಾ ಬಂದುವು, ಥಾಬೊ, ಡೆಂಬಾ. ಪೋಲೊ ಅನ್ನೋ ಗೊರಿಲ್ಲಾ 2014ರಾಗ ಸತ್ತ ಮ್ಯಾಲ ಮನಿ ಖಾಲಿ ಇತ್ತು. ಬಂದ ಎರಡೂ ಗಂಡು, ಅಣ್ಣ-ತಮ್ಮ. ಅಲ್ಲಿ ಬಾಣಂತನದ ಸುದ್ದಿ ಬರೂದ ಇಲ್ಲ. ಆದ್ರೂ ಅವು ಚೊಲೊ ಅದಾವು, ಮಂದಿ ನಿಂತು ನೋಡತಾರ. ಮರಿ ಆಗಲಿಲ್ಲ ಅಂದ್ರ ಝೂ ಸೋತಂಗಲ್ಲ.

— ಈಗ ಇದು ನೋಡ್ರಿ. ಹುಲಿ. ಈ ಹುಡುಗ ಮೂರು ಮರಿ ಹುಟ್ಟಿದ್ದು ಅಂಟಿಸ್ಯಾನ, ಕೆಳಗ ತಾನ ಚಿತ್ರಾ ಬಿಡಿಸ್ಯಾನ. ಬನ್ನೇರುಘಟ್ಟ, 2025ರ ಜುಲೈ.

— ಹಿಮಾದಾಸ್ ಅನ್ನೋ ಹುಲಿದು. ಓಟಗಾರ್ತಿ ಹೆಸರಿಟ್ಟಿದ್ರು. ಮುಂದ ಏನಾತು ಅಂತ ಆ ಹುಡುಗಗ ಗೊತ್ತಿಲ್ಲ ಕಾಣತೈತಿ. ತಾಯಿ ಹತ್ತರ ಸೇರಸಲಿಲ್ಲ. ತುಳಿದು ಪೆಟ್ಟಾತು. ಎರಡು-ಮೂರು ದಿನದಾಗ ಮೂರೂ ಹೋದುವು.

— ಅಯ್ಯ... ಚಿತ್ರದಾಗ ಮೂರಕ್ಕೂ ಮೀಸಿ ಬರದಾನ.

— ಬಾಣಂತಿ ಹುಲಿ ಹಿಂಗ ಮಾಡೋದು ಹೊಸಾದೇನಲ್ಲ. ಕಾಡಿನ್ಯಾಗೂ ಮಾಡತಾವ, ನಮಗ ಕಾಣಂಗಿಲ್ಲ. ಹೊರಗ ಒಂದು ಜೀಪ್ ಹೋದ್ರ, ಹೊಸಾ ಮನಿಶ್ಯಾ ಬಂದ್ರ ಮರೀನ ಬಾಯಾಗ ಕಚ್ಚಿಕೊಂಡು ಆ ಮೂಲಿಯಿಂದ ಈ ಮೂಲಿಗೆ ತಿರಗತೈತಿ, ಹಲ್ಲು ನಾಟತಾವ. ಕೆಲವು ತಿಂದ ಬಿಡತಾವ. ಅದಕ್ಕ ತಿಳದವರು ಏನ್ ಮಾಡತಾರಂದ್ರ ತಿಂಗಳ ಮೊದಲ ಅದನ್ನ ಒಳಗಿನ ಕೋಣ್ಯಾಗ ಹಾಕಿ, ಕತ್ತಲಿ ಮಾಡಿ, ಕ್ಯಾಮರಾ ಹಚ್ಚತಾರ. ದಿನಾ ಊಟ ಹಾಕೋ ಪಾಲಕ ಒಬ್ಬನ ಹೋಗಬೇಕು. ಡಾಕ್ಟರೂ ಹೋಗಂಗಿಲ್ಲ, ಮಂತ್ರಿ ಬಂದ್ರೂ ತೋರಸಂಗಿಲ್ಲ.

— ತಾಯಿ ಬಿಟ್ರ ಬಾಟ್ಲಿ ಹಾಲು ಹಾಕಿ ಬೆಳಸತಾರಲ್ಲ? ವಿಡಿಯೋ ನೋಡಿ ಹುಡುಗ್ರು ಕುಣೀತಾರ.

— ವಿಡಿಯೋದಾಗ ಹಾಲು ಕುಡಿಯೋದು ಅಷ್ಟ ತೋರಸತಾರ. ಉಳಿದದ್ದು ಯಾರು ನೋಡತಾರ? ಕಣ್ಣು ತೆರೀದ ಮರಿಗೆ ತಾನಾಗಿ ಉಚ್ಚಿ ಹೋಗಾಕ ಬರಂಗಿಲ್ಲ. ತಾಯಿ ನೆಕ್ಕಿದ್ರ ಹೋಗತೈತಿ. ತಾಯಿ ಇಲ್ಲಂದ್ರ ಪಾಲಕ ಬೆಚ್ಚಗಿನ ನೀರಾಗ ಅರಳಿ ಅದ್ದಿ ಒರಸಬೇಕು, ಪ್ರತಿ ಸಲ ಹಾಲು ಕುಡಿಸಿದಾಗೂ. ರಾತ್ರಿ ಎರಡಕ್ಕೂ, ನಾಕಕ್ಕೂ. ಹೊಟ್ಟಿ ಉಬ್ಬಿದ್ರ ತೀಡಬೇಕು. ದಿನಾ ತಕ್ಕಡಿ ಮ್ಯಾಲ ಇಡಬೇಕು. ಹಾಲು ಒಂದು ಗುಟಕು ಮೂಗಿಗೆ ಏರಿದ್ರ ನ್ಯುಮೋನಿಯಾ. ಇಷ್ಟೆಲ್ಲಾ ಮಾಡಿ ಉಳಿಸಿದ್ರೂ ಗಿಣ್ಣದ ಹಾಲು ಸಿಕ್ಕಿಲ್ಲ, ಅದರಾಗಿನ ರೋಗ ತಡಿಯೋ ಶಕ್ತಿ ಯಾವ ಬಾಟ್ಲಿಯೊಳಗೂ ಇಲ್ಲ. ನಿನಗ ಹುಡುಗ್ರಿಗೆ ತೋರಸೋದಿದ್ರ ಆ ಪಾಲಕನ್ನ ತೋರಸು.

— ಅಂವ ಮಾತಾಡತಾನ?

— ಹುಲಿಗಿಂತ ಹೆಚ್ಚು ಮಾತಾಡತಾನ. ಕೇಳವರು ಬೇಕು ಅಷ್ಟ. ಹುಲಿ ಹೆಸರು ಬೋರ್ಡಿನ ಮ್ಯಾಲ ಇರತೈತಿ, ಅವಂದು ಎಲ್ಲೂ ಇರಂಗಿಲ್ಲ.

— ಚಿರತಿ ಮರಿ ಸುದ್ದಿ ಭಾಳ ಅದಾವ್ರಿ. ಇದು ನಮ್ಮ ನೃಪತುಂಗ ಬೆಟ್ಟದ್ದು. 2021ರ ಸೆಪ್ಟೆಂಬರ್. ಆವಾಗ ಸುತ್ತಲಿನ ಸಾಲಿಗೆ ಸೂಟಿ ಕೊಟ್ಟಿದ್ರು.

— ಅದು ಹುಟ್ಟಿದ ಸುದ್ದಿ ಅಲ್ಲ, ಹೊಕ್ಕ ಸುದ್ದಿ! ಆವಾಗನ ಧಾರವಾಡದ ಹತ್ತರ ಕವಲಗೇರ್‍ಯಾಗೂ ಒಂದು ಸಿಕ್ಕಿತು. ಬೆಟ್ಟದ್ದೂ ಕವಲಗೇರಿದೂ ಒಂದನೋ ಎರಡೋ ಅಂತ ಊರೆಲ್ಲಾ ವಾದ. ನಾ ಹೇಳಬೇಕಂದದ್ದು ಚಿರತಿ ಮರಿ ಮಾತು. ಝೂದಾಗ ಚಿರತಿ ಹೆಚ್ಚಾಗೋದು ಹಡದು ಅಲ್ಲ, ಕಬ್ಬಿನ ಹೊಲದಿಂದ. ಕಬ್ಬು ಕಡಿವಾಗ ಆಳುಗಳಿಗೆ ಮರಿ ಸಿಗತಾವ. ತಾಯಿ ಬೇಟಿಗೆ ಹೋಗಿರತೈತಿ, ಇವರು ತಬ್ಬಲಿ ಅಂತ ತಿಳದು ಎತ್ತಿಕೊಂಡು ಬರತಾರ. ಫೋಟೋ ತಗೀತಾರ, ಮನಿಯವರೆಲ್ಲಾ ಹಿಡದು ನೋಡತಾರ. ಈಗ ಅರಣ್ಯ ಇಲಾಖೆಯವರು ಸುಧಾರಿಸ್ಯಾರ. ಅದ ಜಾಗಾದಾಗ ಬುಟ್ಟ್ಯಾಗ ಇಟ್ಟು, ಕ್ಯಾಮರಾ ಹಚ್ಚಿ ದೂರ ಸರೀತಾರ. ರಾತ್ರಿ ತಾಯಿ ಬಂದು ಒಂದೊಂದ ಕಚ್ಚಿಕೊಂಡು ಹೋಗತೈತಿ. ಬರಲಿಲ್ಲ ಅಂದ್ರ ಝೂ. ಲೆಕ್ಕದಾಗ ಅದು ಮೂರನೇ ಖಾನೆ.

— ಝೂಗೆ ಹೋದ್ರ ಬದುಕಿತು ಅಂತ ಸಮಾಧಾನ ಅಲ್ರಿ?

— 2023ರ ಆಗಸ್ಟ್-ಸೆಪ್ಟೆಂಬರಿನ್ಯಾಗ ಬನ್ನೇರುಘಟ್ಟದಾಗ ಅಂಥಾವ ಏಳು ಚಿರತಿ ಮರಿ ಸತ್ತುವು. ಬೆಕ್ಕಿಗೆ ಬರೋ ವೈರಸ್, ಪ್ಯಾನ್‌ಲ್ಯುಕೋಪೇನಿಯಾ. ಕರುಳು ಹಿಡೀತೈತಿ, ರಕ್ತದಾಗಿನ ಬಿಳಿ ಕಣ ಇಳಸತೈತಿ. ಲಸಿಕಿ ಹಾಕಿದ್ರು, ಆದ್ರೂ ಹೋದುವು. ಬೂಟಿಗೆ ಹತ್ತಿಕೊಂಡು ಬಂದ್ರೂ ಸಾಕು ಅದಕ್ಕ, ತಿಂಗಳಗಟ್ಲೆ ಬದುಕಿರತೈತಿ. ಪುಸ್ತಕದಾಗ ಇರೋದೆಲ್ಲಾ ಮಾಡಿದ್ರೂ ಸಾಯೋದು ಐತಿ ಅಂತ ನಿಮ್ಮ ಆರನೇ ಇಯತ್ತೆಗೆ ಹೇಳಬೇಕೋ ಬ್ಯಾಡೋ ನೀನ ನೋಡು. ನನಗ ಹೇಳಬಹುದು ಅನಸತೈತಿ. ಮನ್ಯಾಗ ಕೋಳಿ, ಕುರಿ ಸಾಕಿದ ಹುಡುಗ್ರಿಗೆ ಗೊತ್ತಿದ್ದದ್ದ ಅದು. ಫ್ಲ್ಯಾಟಿನ ಹುಡುಗ್ರಿಗೆ ಹೊಸಾದು.

— ಜಿಂಕಿ ಮರಿ ಸುದ್ದಿ ಒಬ್ಬರೂ ತಂದಿಲ್ಲ, ಅದೊಂದ ವಿಚಿತ್ರ.

— ಜಿಂಕಿ ಹಡದ್ರ ಯಾವ ಪೇಪರ್‌ನವ ಬರೀತಾನ? ಅದು ಹಡೀತನ ಇರತೈತಿ. ಆದ್ರ ಝೂದವರ ತಲಿಬ್ಯಾನಿ ಅದ. ದಿಲ್ಲ್ಯಾಗ ಹೌಜ್ ಖಾಸ್ ಹತ್ತರ ಒಂದು ಜಿಂಕಿ ಪಾರ್ಕ್ ಐತಿ. ಅರವತ್ತರ ದಶಕದಾಗ ಆರು ತಂದು ಬಿಟ್ಟಿದ್ರು. ಆರು ಆರುನೂರಾದುವು. ಎಲ್ಲಾ ಆ ಆರರ ಮಕ್ಕಳು-ಮೊಮ್ಮಕ್ಕಳು. ಜಾಗಾ ಸಾಲವಲ್ದು, ರಕ್ತ ಒಂದ ಆತು. 2023ರಾಗ ಪ್ರಾಧಿಕಾರದವರು ಮಾನ್ಯತಾ ತಗದ್ರು, ಜಿಂಕಿ ಬ್ಯಾರೆ ಕಡೆ ಸಾಗಸ್ರಿ ಅಂದ್ರು, ಅದು ಕೋರ್ಟಿಗೆ ಹೋತು. ನಮ್ಮ ಸಣ್ಣ ಝೂಗಳದ್ದೂ ಗಂಡು-ಹೆಣ್ಣು ಬ್ಯಾರೆ ಇಡದಿದ್ರ ಅದ ಗತಿ. ಹಡಿಸದ ಇರೋದು ಹಡಿಸೋದಕ್ಕಿಂತ ಕಷ್ಟದ ಕೆಲಸ.

— ಬಿಳಿ ಹುಲಿ?

— ಅದು ಬ್ಯಾಡ ಬಿಡು. 1951ರಾಗ ರೀವಾದ ಮಹಾರಾಜ ಮೋಹನ ಅನ್ನೋ ಒಂದು ಬಿಳಿ ಮರಿ ಹಿಡದ. ಬಿಳಿ ಮರಿ ಬರಲಿ ಅಂತ ಅದರ ಮಗಳ ಕೂಡನ ಅದನ್ನ ಕೂಡಿಸಿದ್ರು. ಆ ಬಣ್ಣ ಉಳಸಾಕ ಮುಂದೂ ಅದ ನಡೀತು. ಮೆಳ್ಳಗಣ್ಣು, ಡೊಂಕ ಬೆನ್ನು. ಬ್ಯಾರೆ ಜಾತಿನೂ ಅಲ್ಲ, ಕಾಡಿಗೆ ಬಿಡಾಕೂ ಬರಂಗಿಲ್ಲ. ಮುಂದಿನ ಪಾನು ತಗಿ.

— ಮುಂದಿನ ಪಾನಿನ್ಯಾಗ ತೋಳ. ಇದನ್ನ ತಂದಂವ ಕುರುಬರ ಮನಿ ಹುಡುಗ, ಕುಂದಗೋಳ ಕಡೆಯಂವ. ಬಂಕಾಪುರದ ತೋಳ ಧಾಮದಾಗ 2025ರಾಗ ತೋಳ ಎಂಟು ಮರಿ ಹಾಕಿತು ಅಂತ. ಬಂಕಾಪುರ ಅಂದ್ರ ಇಲ್ಲೇ ಐತೆಲ್ಲ, ಅಲ್ಲಿಗೆ ಹೋಗೋಣ ಅಂತ ಕ್ಲಾಸಿನ್ಯಾಗ ಒಂದ ಗದ್ದಲ.

— ಇಲ್ಲಿ ಬಂಕಾಪುರದ ಕೋಟ್ಯಾಗ ನವಿಲು. ತೋಳದ ಬಂಕಾಪುರ ಕೊಪ್ಪಳ ಜಿಲ್ಲಾದ್ದು, ಗಂಗಾವತಿ ಕಡೆ. ಅಲ್ಲೂ ಹೋಗಬ್ಯಾಡ್ರಿ, ಮರಿ ಇದ್ದಾಗ ಮಂದಿ ವಾಸನಿ ಬಂದ್ರ ಗವಿ ಬದಲಸತೈತಿ ಅದು. ಅದು ಝೂ ಅಲ್ಲ, ಕುರುಚಲ ಗುಡ್ಡ. ಎಂಟರಾಗ ಎಷ್ಟು ಬೆಳದು ದೊಡ್ಡಾದುವು ಅಂತ ಯಾರೂ ಖಾನೆ ಬರೀಲಿಕ್ಕಿಲ್ಲ. ಯಾವದಕ್ಕೂ ಹೆಸರಿಲ್ಲ. ಆ ಹುಡುಗನ ಅಜ್ಜನ್ನ ಕೇಳಿದ್ರ ತೋಳಕ್ಕ ಹಿಂಡಿನ್ಯಾಗ ಪಾಲೈತಿ ಅಂದಾನು, ಬೈಕೋಂತನ ಅಂದಾನು.

— ಹೆಸರಿನ ಮಾತು ಬಂತಲ್ಲ, ಅಲ್ಲಿ ನಾ ನಿಮ್ಮ ಮಾತು ಒಪ್ಪಂಗಿಲ್ಲ ಮಾಮಾ. ನೀವು ಆವಾಗಿಂದ ಹೆಸರಿಡೋದು, ಫೋಟೋ ಹಾಕೋದು ಅಂದ್ರ ಮೂಗು ಮುರೀತೀರಿ. ಹೆಸರಿಲ್ಲಂದ್ರ ಈ ಹುಡುಗ್ರು ಕತ್ತರಿ ಹಿಡೀತಿದ್ದಿಲ್ಲ. ಕೊರೋನಾದಾಗ ಝೂ ಬಾಗಿಲ ಹಾಕಿದ್ವು, ಟಿಕೀಟಿನ ರೊಕ್ಕ ನಿಂತಿತು. ಆವಾಗ ಏನಾತು? 2021ರಾಗ ಒಬ್ಬ ಸಿನಿಮಾ ನಟ ದತ್ತು ತಗೋರಿ ಅಂದ, ಮಂದಿ ಮುಗಿಬಿದ್ದು ಕೊಟ್ರು. ಸುಧಾ ಆನಿಗೆ ಕೊಡತೀನಿ ಅಂದ್ರ ಕೊಡತಾರ. ಆರು ಖಾನೆ ಲೆಕ್ಕಕ್ಕ ಕೊಡ್ರಿ ಅಂದ್ರ ಯಾರ ಕೊಡತಾರ?

— ... ಅದು ಖರೆ.

— ನೀವೂ ಎಮ್ಮಿಗೆ ಹೆಸರ ಹಿಡದ ಕರೀತಿದ್ರಿ. ಅವ್ವ ಹೇಳ್ಯಾಳ.

— ನಮ್ಮನಿ ಎಮ್ಮಿ ಮಾತು ಬ್ಯಾರೆ.

— ಏನ್ ಬ್ಯಾರೆ?

— ಸತ್ರ ನಾವ ಅಳತಿದ್ವಿ. ಝೂದಾಗ ಹೆಸರಿಡೋ ದಿನ ಎಲ್ಲಾರೂ ಇರತಾರ, ಸತ್ತ ದಿನ ಆ ಪಾಲಕ ಮತ್ತ ಡಾಕ್ಟರ್. ಹೆಸರು ಬ್ಯಾಡ ಅನ್ನೂದಿಲ್ಲ ನಾ. ಇಟ್ಟ ಮ್ಯಾಲ ಎರಡು ವರ್ಷ ಬಿಟ್ಟು ಹೆಂಗೈತಿ ಅಂತ ಕೇಳ್ರಿ ಅಂತೀನಿ. ಈ ವಹಿಗೆ ಹುಡುಗ್ರ ಕೈಲೆ ಅದೊಂದು ಮಾಡಿಸು. ಒಂದೊಂದು ಕಟಿಂಗಿನ ಕೆಳಗ ಖಾಲಿ ಬಿಡಸು. ಮರಿ ಈಗ ಎಲ್ಲೈತಿ ಅಂತ ಹುಡುಕಿ ಬರೀಲಿ. ಲೆಕ್ಕ ಝೂಗಳ ವೆಬ್‌ಸೈಟಿನ್ಯಾಗನ ಇರತೈತಿ, ನಿಮ್ಮ ಸಾಲಿ ಕಂಪ್ಯೂಟರಿನ್ಯಾಗ ನೋಡಬಹುದು. ಕೂಡಿಸೋದು, ಕಳಿಯೋದು ಅಷ್ಟ, ಗಣಿತದ ಪಿರಿಯಡ್ಡಿಗೂ ಆತು.

— ಅದು ಮಾಡಸ್ತೀನಿ. ಹುಲಿ ಚಿತ್ರಾ ಬಿಡಿಸಿದ ಹುಡುಗಗ ಹೆಂಗ ಹೇಳೋದೋ ಗೊತ್ತಾಗವಲ್ದು.

— ಅಂವ ತಾನ ಹುಡುಕಲಿ. ನೀ ಹೇಳಬ್ಯಾಡ.

— ಹಂಗಾದ್ರ ಭೂತರಾಮನಹಟ್ಟಿಗೆ ಹೋಗೋದೋ ಗದಗಿಗೋ? ಭೂತರಾಮನಹಟ್ಟ್ಯಾಗ ಸಿಂಹ ಅದಾವ ಅಂತ ಹುಡುಗ್ರಿಗೆ ಆಸೆ, 2021ರಾಗ ಬನ್ನೇರುಘಟ್ಟದಿಂದ ತಂದದ್ದು. ಗದಗ ಆದ್ರ ಸಮೀಪ, ಖರ್ಚೂ ಕಡಿಮಿ.

— ಬೆಳಗಾವಿಗೆ ಹೋಗು. ಕೃಷ್ಣಮೃಗದ ಬೇಲಿ ಹತ್ತರನೂ ನಿಲ್ಲಸು. ಸತ್ತ ಮ್ಯಾಲ ನೆಲಕ್ಕ ಏನ್ ಹಾಕಿದ್ರಿ, ನೀರಿನ ತೊಟ್ಟಿ ಎಷ್ಟು ಮಾಡೀರಿ, ಲಸಿಕಿ ಹೆಂಗ ಹಾಕತೀರಿ ಅಂತ ಹುಡುಗ್ರು ಕೇಳಲಿ. ಉಳಿದ ಏಳಕ್ಕ ಮರಿ ಆಗ್ಯಾವೇನು ಅಂತನೂ ಕೇಳಲಿ, ಆರು ತಿಂಗಳ ಬಸಿರು ಅವಕ್ಕ. ಮರಿ ಇದ್ರೂ ಕಣ್ಣಿಗೆ ಬೀಳಲಿಕ್ಕಿಲ್ಲ. ತಾಯಿ ಅದನ್ನ ಹುಲ್ಲಿನ್ಯಾಗ ಒತ್ತಿ ಮಲಗಿಸಿ ದೂರ ಹೋಗಿ ನಿಂತಿರತೈತಿ, ನಾವು ತಾಯಿ ಹತ್ತರನ ಹುಡಕತಿರತೀವಿ. ತಾಯಿ ಯಾವ ಕಡೆ ಪದೇ ಪದೇ ಕಣ್ಣು ಹಾಯಸತೈತಿ ಅಲ್ಲಿ ನೋಡ್ರಿ ಅನ್ನು.

— ಮಂಗಳವಾರ ರಜಾ ಇರತೈತೇನ್ರಿ ಅಲ್ಲೂ? ಮೈಸೂರು, ಬನ್ನೇರುಘಟ್ಟ ಮಂಗಳವಾರ ಮುಚ್ಚಿರತಾವ.

— ಫೋನ್ ಮಾಡಿ ಕೇಳಿಕೊಂಡ ಹೊಂಡು. ಮತ್ತ ಮಧ್ಯಾಹ್ನ ಒಂದಕ್ಕ ಹೋಗಿ ಮುಟ್ಟಬ್ಯಾಡ. ಆ ಹೊತ್ತಿಗೆ ಹುಲಿ, ಸಿಂಹ ಎಲ್ಲಾ ನಿದ್ದಿ ಹಚ್ಚಿರತಾವ, ಹುಡುಗ್ರು ಕಲ್ಲ ಒಗೀತಾರ. ಧಾರವಾಡದಿಂದ ಆರಕ್ಕ ಬಸ್ ಬಿಟ್ರ ಬಾಗಿಲ ತೆಗಿಯೂದ್ರಾಗ ಇರತೀರಿ. ಊಟ ಬುತ್ತಿನೋ ಹೊಟೇಲೋ?

— ಬುತ್ತಿ. ಪ್ಲಾಸ್ಟಿಕ್ ಒಳಗ ಬಿಡಂಗಿಲ್ಲ, ಸ್ಟೀಲ್ ಡಬ್ಬಿ ತರಾಕ ಹೇಳೀನಿ. ನೀವು ಬರತೀರೇನು?

— ಬಸ್ಸಿನ್ಯಾಗ ಹಾಡ ಹಚ್ಚಂಗಿದ್ರ ಬರಂಗಿಲ್ಲ.